ನೈರೋಬಿಯಲ್ಲಿ ಎಪ್ಪತ್ತು ದಿನ: ವಿಂಬಿ (ಅಲ್ಲಿನ ರಾಗಿ) ಹಿಟ್ಟಿನಲ್ಲಿ ಮುದ್ದೆ ಕಟ್ಟಿದ ನನ್ನ ಅನುಭವ

"ಅದು ಎತ್ತರದ ಊರು. ನೀರು ಸರಿಯಾಗಿ ಕಾಯುವುದಿಲ್ಲ, ಮುದ್ದೆ ಕೂಡುವುದಿಲ್ಲ. ಅವಲಕ್ಕಿ ತುಂಬಿಕೊಂಡು ಹೋಗು" ಎಂದು ನಮ್ಮ ಬಾಯ್ಲರ್ ಕಂಪನಿಯ ಸರ್ವೀಸ್ ವಿಭಾಗದ ಹಿರಿಯರೊಬ್ಬರು ನಾನು ಹೊರಡುವ ಮೊದಲೇ ಹೇಳಿದ್ದರು. ಅವರು ನಾಲ್ಕು ಸಲ ನೈರೋಬಿಗೆ ಹೋಗಿ ಬಂದವರು. ನಾಲ್ಕೂ ಸಲ ಸೂಟ್‌ಕೇಸಿನ ಅರ್ಧಭಾಗ ಚಟ್ನಿಪುಡಿ, ಅವಲಕ್ಕಿ, ದಿಢೀರ್ ಉಪ್ಪಿಟ್ಟಿನ ಪೊಟ್ಟಣ. ಹೋಟೆಲು, ಟ್ಯಾಕ್ಸಿ, ಕಾರ್ಖಾನೆ ಬಿಟ್ಟರೆ ನಾಲ್ಕನೆಯ ಜಾಗ ನೋಡಿರಲಿಲ್ಲ. ನಾನು 2024ರ ಆಗಸ್ಟ್ ಮೊದಲ ವಾರದಲ್ಲಿ ಹೋದವನು ಅಕ್ಟೋಬರ್ ಮಧ್ಯದಲ್ಲಿ ವಾಪಸಾದೆ. ಕೊನೆಯ ಐದು ವಾರ, ವಾರಕ್ಕೆ ನಾಲ್ಕು ರಾತ್ರಿಯಾದರೂ ಮುದ್ದೆ ಉಂಡಿದ್ದೇನೆ. ಅದೂ ಅಲ್ಲಿನ ಸಂತೆಯ ರಾಗಿ, ಅಲ್ಲಿನ ಅವರೆಕಾಳು, ಅಲ್ಲಿನ ಗಣಿಕೆ ಸೊಪ್ಪಿನಲ್ಲಿ. ಫೋಟೊ ಕಳಿಸಿದರೆ ಆ ಹಿರಿಯರು "ಊರಿನಿಂದ ಹಿಟ್ಟು ಒಯ್ದಿದ್ದೀಯ" ಎಂದರು. ಒಯ್ದಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಾಯ್ಲರ್ ಕಮಿಷನಿಂಗ್, ಅಂದರೆ ಹೊಸ ಬಾಯ್ಲರನ್ನು ಚಾಲೂ ಮಾಡಿಕೊಡುವುದು, ನಮ್ಮ ವಿಭಾಗದವರಿಗೆಲ್ಲ ಗೊತ್ತಿರುವ ಕೆಲಸ, ಆ ಭಾಗವನ್ನು ಬೆಳೆಸುವುದಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಸಾಬೂನು ಕಾರ್ಖಾನೆಯೊಂದರಲ್ಲಿ ಗಂಟೆಗೆ 3 ಟನ್ ಹಬೆಯ ಬಾಯ್ಲರ್, ಮೂರು ವಾರದ ಕೆಲಸ. ಬರ್ನರಿನ ಒಂದು ಭಾಗ ಮೊಂಬಾಸಾ ಬಂದರಿನಲ್ಲಿ ಕಾಗದಪತ್ರದ ತಕರಾರಿನಿಂದ ನಿಂತುಹೋಯಿತು. ಮೂರು ವಾರ ಹತ್ತು ವಾರವಾಯಿತು. ದಿನಭತ್ಯೆ ಐವತ್ತು ಡಾಲರ್, ವಸತಿ ಊಟ ಎಲ್ಲ ಅದರಲ್ಲೇ, ಬಿಲ್ಲು ಕೇಳುವವರಿಲ್ಲ. ಉಳಿಸಿದ್ದು ನಮ್ಮದು. ಆಗ ನೂರು ಕೀನ್ಯಾ ಶಿಲ್ಲಿಂಗ್ ಎಂದರೆ ಅರವತ್ತೈದು ರೂಪಾಯಿಯ ಸುಮಾರು; ದಿನಕ್ಕೆ ಆರೂವರೆ ಸಾವಿರ ಶಿಲ್ಲಿಂಗ್ ಎಂದಿಟ್ಟುಕೊಳ್ಳಿ.

ಮೊದಲ ಒಂಬತ್ತು ದಿನ ಎಲ್ಲರಂತೆ ವೆಸ್ಟ್‌ಲ್ಯಾಂಡ್ಸ್‌ನ ಹೋಟೆಲು. ರಾತ್ರಿಗೆ 5,500. ಟ್ಯಾಕ್ಸಿ ಹೋಗಿ ಬರಲು ಸಾವಿರದಿನ್ನೂರು, ಊಟಕ್ಕೆ ಒಂದು ಸಾವಿರದ ಮೇಲೆ. ತಿಂಗಳು ಹೀಗೇ ಕಳೆದರೆ ಬರಿಗೈಯಲ್ಲಿ ಊರಿಗೆ ಹೋಗಬೇಕು ಎಂದು ಮೂರನೆಯ ದಿನವೇ ಲೆಕ್ಕ ಹಾಕಿದೆ. ಹತ್ತನೆಯ ದಿನ ಸೌತ್ ಬಿ ಎಂಬ ಬಡಾವಣೆಗೆ ಹೋದೆ. ಇಂಡಸ್ಟ್ರಿಯಲ್ ಏರಿಯಾಕ್ಕೆ ಅಂಟಿಕೊಂಡ ಜಾಗ. ಹಾಸಿಗೆ, ಮೇಜು ಇರುವ ಒಂದು ಕೋಣೆಯ ಮನೆಗೆ ತಿಂಗಳಿಗೆ 42,000. ಕಾರ್ಖಾನೆಗೆ ನಡೆದರೆ ಮೂವತ್ತೈದು ನಿಮಿಷ.

ಈ ನಡಿಗೆಯೇ ನನಗೆ ಆ ಊರನ್ನು ತೋರಿಸಿತು. ಬೆಳಿಗ್ಗೆ ಆರೂವರೆಗೆ ಹೊರಬಿದ್ದರೆ ರಸ್ತೆಯ ಎರಡೂ ಬದಿಯಲ್ಲಿ ಜನ. ಮುಕುರುವಿನ ತಗಡಿನ ಮನೆಗಳಿಂದ ಹೊರಟು ಕಾರ್ಖಾನೆಗಳತ್ತ ಸಾಗುವ ಸಾವಿರಾರು ಮಂದಿ, ಮಾತಿಲ್ಲದೆ, ದಾಪುಗಾಲಿನಲ್ಲಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಮೇಲಿದೆ. ಆಗಸ್ಟಿನಲ್ಲಿ ಆಕಾಶ ತಲೆಯ ಮೇಲೆ ಕಂಬಳಿ ಹೊದಿಸಿದಂತೆ ಇರುತ್ತದೆ, ಹತ್ತು ಗಂಟೆಯವರೆಗೆ ಬಿಸಿಲು ಕಾಣದು. ಎಲ್ಲರ ಮೈಮೇಲೂ ಜಾಕೆಟ್ಟು. ಒಳರಸ್ತೆ ಕೆಸರಿನದು, ಆದರೆ ಮುಖ್ಯರಸ್ತೆ ತಲುಪುವ ಹೊತ್ತಿಗೆ ಪ್ರತಿಯೊಬ್ಬರ ಬೂಟೂ ಥಳಥಳಿಸುತ್ತಿರುತ್ತದೆ. ತಿರುವಿನಲ್ಲಿ ಒಬ್ಬ ಹುಡುಗ ಬಕೆಟ್ಟು, ಬ್ರಷ್ಷು ಇಟ್ಟುಕೊಂಡು ಕೂತಿರುತ್ತಾನೆ, ಅವನ ಮುಂದೆ ಸಾಲು. ನಾನೂ ಎರಡನೆಯ ವಾರದಿಂದ ಆ ಸಾಲಿನಲ್ಲಿ ನಿಂತೆ. ಮೊದಲ ವಾರ ಕೆಸರು ಬೂಟಿನಲ್ಲೇ ಹೋದಾಗ ಕಾರ್ಖಾನೆಯ ಗೇಟಿನವನು ನನ್ನ ಮುಖಕ್ಕಿಂತ ಮೊದಲು ಕಾಲನ್ನು ನೋಡುತ್ತಿದ್ದ. ಬೂಟು ತೊಳೆಸಿಕೊಂಡು ಹೋದ ದಿನದಿಂದ ಅವನೇ ಮೊದಲು ನಮಸ್ಕಾರ ಹೇಳತೊಡಗಿದ.

ಸಂಜೆ ಸುಸ್ತಾದರೆ ಮಟಾಟು. ಹದಿನಾಲ್ಕು ಸೀಟಿನ ವ್ಯಾನು, ಮೈಗೆ ಹಳದಿ ಪಟ್ಟಿ. ಈ ಪಟ್ಟಿ, ಸೀಟ್ ಬೆಲ್ಟು, ವೇಗಮಿತಿಯ ಉಪಕರಣ ಎಲ್ಲ 2004ರಲ್ಲಿ ಸಾರಿಗೆ ಸಚಿವರಾಗಿದ್ದ ಜಾನ್ ಮಿಚುಕಿ ತಂದ ನಿಯಮಗಳು. ಇಂದಿಗೂ ಜನ ಅವನ್ನು ಮಿಚುಕಿ ರೂಲ್ಸ್ ಎಂದೇ ಕರೆಯುತ್ತಾರೆ. ದರಪಟ್ಟಿ ಹುಡುಕಬೇಡಿ, ಇಲ್ಲ. ನಾನು ಮೂರು ವಾರ ಸಣ್ಣ ಪುಸ್ತಕದಲ್ಲಿ ದರ ಬರೆದಿಟ್ಟುಕೊಂಡೆ, ಸೌತ್ ಬಿಯಿಂದ ಪೇಟೆಗೆ: ಮಧ್ಯಾಹ್ನ 50, ಸಂಜೆ ಐದರ ಮೇಲೆ 70 ಅಥವಾ 80, ನಾಲ್ಕು ಹನಿ ಮಳೆ ಬಿದ್ದರೆ 100. ಮಳೆ ನಿಂತರೂ ಒಂದು ಗಂಟೆ ದರ ಇಳಿಯುವುದಿಲ್ಲ. ಹತ್ತುವ ಮೊದಲೇ ದರ ಕೇಳಬೇಕು, ಚಿಲ್ಲರೆ ಕೈಯಲ್ಲಿರಬೇಕು, ಕಿಟಕಿಯ ಪಕ್ಕ ಕೂತು ಮೊಬೈಲು ತೆಗೆಯಬಾರದು. ನಮ್ಮ ಜೊತೆಗಾರನೊಬ್ಬ ಹೀಗೇ ಮೊಬೈಲು ಕಳೆದುಕೊಂಡ. ಅದರೊಳಗೆ ಅವನ ಎಂ-ಪೆಸಾ, ಅಂದರೆ ಮೊಬೈಲಿನಲ್ಲೇ ಹಣ ಕೊಟ್ಟು ಪಡೆಯುವ ಖಾತೆ, ಇತ್ತು. ಅಲ್ಲಿ ಎಂ-ಪೆಸಾ ಇಲ್ಲದವನಿಗೆ ಸೊಪ್ಪೂ ಸಿಗದು. 2007ರಿಂದ ಇರುವ ವ್ಯವಸ್ಥೆ. ನಮ್ಮಲ್ಲಿ ಮೊಬೈಲಿನಿಂದ ಹಣ ಕಳಿಸುವ ಯೋಚನೆ ಬರುವ ಮೊದಲೇ ಅಲ್ಲಿ ತರಕಾರಿಯವರ ಕೈಗೆ ಬಂದಿತ್ತು. ಇಳಿದ ದಿನವೇ ಪಾಸ್‌ಪೋರ್ಟ್ ಕೊಟ್ಟು ಸಿಮ್ ತೆಗೆದುಕೊಳ್ಳಿ.

ಇನ್ನು ಮುದ್ದೆಯ ವಿಷಯ.

ರಾಗಿಗೆ ಸ್ವಾಹಿಲಿಯಲ್ಲಿ ವಿಂಬಿ ಎನ್ನುತ್ತಾರೆ. ಸೂಪರ್‌ಮಾರ್ಕೆಟ್ಟಿನಲ್ಲಿ ಕಂದು ಹಿಟ್ಟಿನ ಪೊಟ್ಟಣ ಕಂಡಾಗ ಖುಷಿಯಾಗಿ ಎರಡು ಕಿಲೋ ತಂದೆ, 350ರ ಸುಮಾರು. ಮುದ್ದೆ ಮಾಡಿದರೆ ಅಂಟು ಅಂಟಾದ ಸರಿ ಬಂತು. ಕೋಲಿಗೆ ಹತ್ತಿದ್ದು ಬಿಡದು, ಬಾಯಲ್ಲಿ ಹುಳಿ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಆಮೇಲೆ ಓದಿದೆ: ಅದು ಉಜಿ, ಅಂದರೆ ಗಂಜಿ ಮಾಡುವ ಹಿಟ್ಟು. ಜೋಳ, ಮರಗೆಣಸು, ಸೋಯಾ ಎಲ್ಲ ಸೇರಿತ್ತು, ರಾಗಿ ಮೂರರಲ್ಲಿ ಒಂದು ಪಾಲು ಇದ್ದರೆ ಹೆಚ್ಚು. ಎರಡನೆಯ ಸಲ ಶುದ್ಧ ವಿಂಬಿ ಎಂದು ಬರೆದದ್ದನ್ನೇ ತಂದೆ. ಅದರಲ್ಲಿ ಮುದ್ದೆಯೇನೋ ಕಟ್ಟಿತು, ಆದರೆ ಮರಳು. ಮೊದಲ ತುತ್ತು ನುಂಗುವಾಗಲೇ ಗಂಟಲಿಗೆ ಗೊತ್ತಾಯಿತು.

ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮಂಡ್ಯ ಕಡೆಯ ಕುಟುಂಬವೊಂದಿದೆ. ಭಾನುವಾರ ಊಟಕ್ಕೆ ಕರೆದಿದ್ದರು. ಮನೆಯ ಅಕ್ಕ ಕೇಳಿ, "ಇಲ್ಲಿಯ ವಿಂಬಿ ಗಂಜಿಗಷ್ಟೇ ತಮ್ಮಾ. ಮುದ್ದೆಗೆ ಊರ ಹಿಟ್ಟೇ ಆಗಬೇಕು, ನಾವು ವರ್ಷಕ್ಕೆ ಎರಡು ಸಲ ತರಿಸುತ್ತೇವೆ" ಎಂದರು. ಜೊತೆಗೆ ಎತ್ತರದ ಊರು, ನೀರು ಕಾಯದು ಎಂಬ ಅದೇ ಮಾತು. ನಾನು ಬಾಯ್ಲರಿನವನು, ನೀರಿನ ವಿಷಯದಲ್ಲಿ ಬರೀ ಮಾತಿಗೆ ಒಪ್ಪುವವನಲ್ಲ. ಅವರಿಂದಲೇ ಒಂದು ಕಿಲೋ ಊರ ಹಿಟ್ಟು ಸಾಲ ತಂದೆ. ಮರುದಿನ ಎಸರಿಟ್ಟು, ಕೆಲಸದ ತರ್ಮಾಮೀಟರನ್ನು ತೊಳೆದು ಇಳಿಬಿಟ್ಟೆ. ನೀರು ಕೊತಕೊತ ಕುದಿಯುವಾಗ 94 ಡಿಗ್ರಿ. ಆರು ಡಿಗ್ರಿ ಕಡಿಮೆ ನಿಜ. ಅದೇ ಪಾತ್ರೆ, ಅದೇ ಉರಿ, ಊರ ಹಿಟ್ಟು: ಮುದ್ದೆ ಅಮ್ಮ ಕಟ್ಟಿದಂತೆ ನುಣ್ಣಗೆ ಬಂತು. ಹೆಚ್ಚೆಂದರೆ ಮುಚ್ಚಿ ಬೇಯಿಸುವುದು ನಾಲ್ಕೈದು ನಿಮಿಷ ಜಾಸ್ತಿ. ಅಲ್ಲಿಗೆ ನೀರಿನ ಮೇಲಿನ ಆರೋಪ ಬಿದ್ದುಹೋಯಿತು, ತಪ್ಪು ಹಿಟ್ಟಿನದೇ ಎಂದು ಖಾತ್ರಿಯಾಯಿತು. (ಬೇಳೆಕಾಳಿಗೆ ಮಾತ್ರ ಆ ಆರು ಡಿಗ್ರಿ ದೊಡ್ಡದು. ತೆರೆದ ಪಾತ್ರೆಯಲ್ಲಿ ಮೂರು ಗಂಟೆ ಗ್ಯಾಸು ಉರಿಸಿದರೂ ಕಾಳು ಕಾಳಾಗಿಯೇ ಇತ್ತು. ಮೂರು ಸಾವಿರ ಕೊಟ್ಟು ಕುಕ್ಕರ್ ಕೊಂಡೆ. ಅದೊಂದನ್ನು ಊರಿನಿಂದಲೇ ಒಯ್ಯಿರಿ.)

ದಾರಿ ತೋರಿಸಿದವರು ಕಾರ್ಖಾನೆಯ ಹಳೆಯ ಬಾಯ್ಲರನ್ನು ನೋಡಿಕೊಳ್ಳುವ ಆಪರೇಟರು. ಅರವತ್ತರ ಹತ್ತಿರದ ವಯಸ್ಸು, ಪಶ್ಚಿಮದ ಕಿಸಿಯ ಕಡೆಯವರು. ಅಲ್ಲಿ ಹಿರಿಯರನ್ನು ಮ್ಜೇ ಎಂದು ಕರೆಯಬೇಕು, ನಮ್ಮ ಯಜಮಾನರೇ ಎಂಬ ಹಾಗೆ. ನನ್ನನ್ನು ಅವರು ಫುಂಡಿ ಎನ್ನುತ್ತಿದ್ದರು. ಕೈಕೆಲಸ ಬಲ್ಲವರಿಗೆಲ್ಲ ಅಲ್ಲಿ ಅದೇ ಹೆಸರು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ನನ್ನ ಮುದ್ದೆಯ ಸೋಲನ್ನು ಹೇಳಿಕೊಂಡೆ. ಅವರು ನಗಲಿಲ್ಲ. ತಮ್ಮ ಊರಿನಲ್ಲಿ ವಿಂಬಿಯ ಉಗಾಲಿ (ಹಿಟ್ಟು ತೊಳಸಿ ಮಾಡುವ ಅಲ್ಲಿನ ಮುದ್ದೆ) ಮಾಡುತ್ತಾರೆ, ಒಬೊಕಿಮಾ ಎನ್ನುತ್ತಾರೆ, ಅಜ್ಜಿ ಮಾಡಿದ್ದು ನೆನಪಿದೆ ಎಂದರು. "ಪೊಟ್ಟಣ ಬಿಡು ಫುಂಡಿ, ಕಾಳು ತೆಗೆದುಕೊ. ನ್ಯಾಮಕಿಮಾಕ್ಕೆ ಹೋಗು" ಎಂದರು.

ನಾವು ನಮ್ಮದೆಂದು ಎದೆ ತಟ್ಟಿಕೊಳ್ಳುವ ರಾಗಿ ಆಫ್ರಿಕಾದ ಪೂರ್ವಭಾಗದ ಎತ್ತರದ ನಾಡಿನಲ್ಲಿ ಹುಟ್ಟಿ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದ ಬೆಳೆ. ಅಮೆರಿಕದಿಂದ ಬಂದ ಮುಸುಕಿನ ಜೋಳಕ್ಕೆ ಸ್ವಾಹಿಲಿಯಲ್ಲಿ ಮಹಿಂದಿ ಎಂದು ನಮ್ಮ ದೇಶದ ಹೆಸರು! ಅಲ್ಲಿನವರು ಈಗ ದಿನಾ ಉಣ್ಣುವ ಬಿಳಿ ಉಗಾಲಿ ಆ ಜೋಳದ್ದು. ಇದನ್ನು ಮ್ಜೇಗೆ ಹೇಳಿದಾಗ ಅವರು ಬಹಳ ಹೊತ್ತು ತಲೆಯಾಡಿಸಿದರು.

ನ್ಯಾಮಕಿಮಾ ಪೇಟೆಯ ಕೆಳಭಾಗದಲ್ಲಿದೆ, ರಿವರ್ ರೋಡಿನ ಹತ್ತಿರ. ಕಾಳುಕಡಿ ಅಂಗಡಿಗಳ ಸಾಲು, ಬಾಯಿ ಮಡಚಿದ ಗೋಣಿಚೀಲಗಳು, ಕೈಗಾಡಿ ಎಳೆಯುವವರ ಕೂಗು. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಓಡಾಡಿದವರಿಗೆ ಹೊಸದೇನೂ ಅನ್ನಿಸದು. ಒಂದು ಎಚ್ಚರಿಕೆ: ಎಷ್ಟು ಎಂದು ನೇರವಾಗಿ ಕೇಳಬೇಡಿ. ಮೊದಲು ಹಬಾರಿ (ಏನು ಸಮಾಚಾರ) ಎನ್ನಬೇಕು, ಅವರು ಉತ್ತರ ಹೇಳಬೇಕು, ಆಮೇಲೆ ವ್ಯಾಪಾರ. ಹಬಾರಿ ನಮ್ಮ ಖಬರಿನ ನೆಂಟ. ಹೆಸಾಬು, ತಯಾರಿ, ಸಬುನಿ, ವಕೀಲಿ, ದುಕಾ, ಗಾರಿ. ಹೀಗೆ ಹುಬ್ಬಳ್ಳಿಯವರಿಗೆ ಅರ್ಧ ಪೇಟೆ ಮೊದಲ ದಿನವೇ ಅರ್ಥವಾಗುತ್ತದೆ. ಹಬಾರಿ ಹೇಳದ ದಿನ ನನಗೆ ಕಿಲೋಗೆ 220 ಹೇಳಿದರು, ಹೇಳಿದ ದಿನ ಅದೇ ಅಂಗಡಿಯಲ್ಲಿ 160. ಒಂದು ಚೀಲ ಮೊದಲೇ ಕೈಯಲ್ಲಿರಲಿ. 2017ರ ಆಗಸ್ಟಿನಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ಪೂರ್ತಿ ನಿಷೇಧವಿದೆ, ದಂಡ ಲಕ್ಷಗಳಲ್ಲಿ. ನನ್ನ ಸೂಟ್‌ಕೇಸಿನಲ್ಲಿದ್ದ ನಾಲ್ಕು ಕವರುಗಳನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬಂದಿದ್ದೆ.

ಮೊದಲ ಐದು ಕಿಲೋ ಹಾಳಾಯಿತು. ಅದರಲ್ಲಿ ಕಲ್ಲು, ಮಣ್ಣಿನ ಹೆಂಟೆ ಇದ್ದವು; ಮೊರ ಇಲ್ಲ, ತಟ್ಟೆಯಲ್ಲೇ ಕೇರಿ ನಾಲ್ಕು ನೀರಿನಲ್ಲಿ ಗಾಲಿಸಿದೆ. ಅಲ್ಲಿಯವರೆಗೆ ಸರಿ. ಒಣಗಿಸಲು ಬಿಸಿಲೇ ಇಲ್ಲ. ಬಾಲ್ಕನಿಯಲ್ಲಿ ಎರಡು ದಿನ ಹರವಿದರೂ ತಣ್ಣಗೇ ಇತ್ತು. ಸಾಕೆಂದು ಬೀಸಲು ಕೊಟ್ಟೆ. ಅಲ್ಲಿನ ಗಿರಣಿಗೆ ಪೋಶೋ ಮಿಲ್ ಎನ್ನುತ್ತಾರೆ. ನಮ್ಮ ಕಲ್ಲಿನ ಗಿರಣಿಯಂತಲ್ಲ, ಸುತ್ತಿಗೆಗಳು ತಿರುಗಿ ಕಾಳನ್ನು ಬಡಿದು ಜಾಲರಿಯಿಂದ ಹೊರದಬ್ಬುತ್ತವೆ. ಹಸಿ ಕಾಳು ಜಾಲರಿಗೆ ಮೆತ್ತಿಕೊಂಡಿತು, ಗಿರಣಿಯವನು ಬೈದ, ಹಿಟ್ಟು ಮೂರನೆಯ ದಿನಕ್ಕೆ ಮುಗ್ಗಲು ವಾಸನೆ ಹೊಡೆಯಿತು. ಕಾಳು, ಬೀಸುವ ಕೂಲಿ, ಮಟಾಟು ಸೇರಿ ಒಂದು ಸಾವಿರ ಶಿಲ್ಲಿಂಗ್ ಚರಂಡಿಗೆ.

ಎರಡನೆಯ ಕಂತು ನಾಲ್ಕು ಕಿಲೋ. ಈ ಸಲ ಒಣಗಿಸಿದ್ದು ಬಾಯ್ಲರ್ ಮನೆಯಲ್ಲಿ. ಹಳೆಯ ಬಾಯ್ಲರಿಗೆ ಬಿಸಿನೀರು ಊಡುವ ಫೀಡ್ ವಾಟರ್ ಟ್ಯಾಂಕಿನ ಮೇಲೆ ಮ್ಜೇ ತಾವೇ ಮರದ ಚೌಕಟ್ಟು ಹಾಕಿ, ಅದರ ಮೇಲೆ ಬಿಳಿ ಬಟ್ಟೆ ಹಾಸಿದರು. ಹದಿನಾಲ್ಕು ಗಂಟೆಯಲ್ಲಿ ಕಾಳು ಗರಿಗರಿ. ಹಲ್ಲಿಗಿಟ್ಟರೆ ಕಟಕ್ಕೆಂದಿತು. ಆದರೂ ಹಿಟ್ಟು ತರಿತರಿಯಾಗಿ ಬಂತು, ಮುದ್ದೆ ಬಿರಿಯಿತು. ಜೋಳಕ್ಕೆ ಹಾಕುವ ಜಾಲರಿಯಲ್ಲೇ ಬೀಸಿಕೊಟ್ಟಿದ್ದರು. ಉಗಾಲಿಗೆ ಆ ತರಿ ಚೆನ್ನ, ರಾಗಿಗೆ ಆಗದು.

ಮೂರನೆಯ ಕಂತಿನಲ್ಲಿ ಸಣ್ಣ ಜಾಲರಿ ಇರುವ ಗಿರಣಿ ಹುಡುಕಿದೆ. ಮೂರು ಭಾನುವಾರ, ಆರು ಗಿರಣಿ. ಸಿಕ್ಕಿತು. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಗಿರಣಿಯ ಯಜಮಾನರಿಗೆ ಹಿಂದಿನವರ ಜೋಳದ ಹಿಟ್ಟು ನನ್ನ ರಾಗಿಗೆ ಬೆರೆಯದಂತೆ ಮಾಡಲು ಒಪ್ಪಿಸಿದ್ದು ಹೇಗೆ ಎಂಬುದನ್ನೂ ಬರೆಯುವುದಿಲ್ಲ. ಅವೆರಡು ನನ್ನ ಬಳಿ ಇರಲಿ. ಎರಡು ಸಲ ಬೀಸಿಸಿ, ಬಿಸಿ ಆರುವವರೆಗೆ ಬಟ್ಟೆಯ ಮೇಲೆ ಹರವಿ, ಆಮೇಲೆ ಡಬ್ಬಿಗೆ ತುಂಬಿದೆ ಎಂಬಷ್ಟು ಹೇಳುತ್ತೇನೆ.

ಸೆಪ್ಟೆಂಬರ್ 8, ಭಾನುವಾರ. ಸುಫುರಿಯಾ ಎಂಬ ಕಂಠವಿಲ್ಲದ ಅಲ್ಯೂಮಿನಿಯಂ ಪಾತ್ರೆ, ಮ್ವಿಕೊ ಎಂಬ ಉಗಾಲಿ ತಿರುವುವ ಮರದ ಸೌಟು. ಸೌಟಿನ ತುದಿ ಚಪ್ಪಟೆ, ಹಿಡಿ ಉದ್ದ. ನಮ್ಮ ಹಿಟ್ಟಿನ ಕೋಲಿಗಿಂತ ಕೈಗೆ ಹಗುರ. ಒಂದು ಚಮಚ ಹಿಟ್ಟು ಕದಡಿ ಎಸರಿಗೆ ಹಾಕಿದೆ, ಅಂಬಲಿ ಉಕ್ಕಿ ಬಂದಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿದೆ, ನಡುವೆ ಮ್ವಿಕೊ ಊರಿ ಮುಚ್ಚಿದೆ. ಹನ್ನೆರಡು ನಿಮಿಷ. ಪಾತ್ರೆಯನ್ನು ಪಾದಗಳ ನಡುವೆ ಒತ್ತಿಹಿಡಿದು ತೊಳಸಿದೆ. ಮೂರನೆಯ ಸುತ್ತಿಗೇ ಹಿಟ್ಟು ಪಾತ್ರೆ ಬಿಟ್ಟು ಕೋಲಿನ ಸುತ್ತ ಬಂತು. ನಮ್ಮ ಮನೆಯ ಪರಿಮಳ ಆ ಕೋಣೆಯ ತುಂಬ ಹರಡಿತು. ನೀರು ಹಚ್ಚಿದ ತಟ್ಟೆಯಲ್ಲಿ ಉರುಳಿಸಿದೆ, ಗೀರಿಲ್ಲ, ಬಿರುಕಿಲ್ಲ. ಬಣ್ಣ ನಮ್ಮದಕ್ಕಿಂತ ಒಂದು ಛಾಯೆ ಕೆಂಪು. ಅಮ್ಮನಿಗೆ ವೀಡಿಯೊ ಕರೆ ಮಾಡಿ ತೋರಿಸಿದೆ. "ಮುರಿದು ತೋರಿಸು" ಎಂದಳು. ಮುರಿದೆ. ಒಳಗೆ ಬಿಳಿ ಹಿಟ್ಟಿಲ್ಲ ಎಂದು ನೋಡಿಕೊಂಡ ಮೇಲೆಯೇ "ಉಣ್ಣು" ಎಂದಳು.

ಸಾರಿಗೆ ನನ್ನ ಗುಟ್ಟಿನ ಕಾಳು ನ್ಜಾಹಿ. ಕಪ್ಪು ಕಾಳು, ಅಂಚಿಗೆ ಬಿಳಿ ಗೆರೆ. ನೋಡಿದ ತಕ್ಷಣ ಗುರುತು ಹತ್ತದು. ಅದು ನಮ್ಮ ಅವರೆಯದೇ ಜಾತಿ. ಕಿಕುಯು ಜನ ಬಾಣಂತಿಯರಿಗೆ ಕೊಡುತ್ತಾರೆ. ರಾತ್ರಿ ನೆನೆಹಾಕಿ, ಮೊದಲ ನೀರು ಚೆಲ್ಲಿ, ಕುಕ್ಕರಿನಲ್ಲಿ ಆರು ಕೂಗು. ಸಾರು ಕಪ್ಪಗಾಗುತ್ತದೆ, ರುಚಿ ಮಾತ್ರ ಅವರೆಯದೇ. ಮನೆಯ ಕೆಳಗೆ ಸೊಪ್ಪು ಮಾರುವ ಹೆಂಗಸಿದ್ದರು. ಇಂಥವರಿಗೆ ಮಾಮಾಂಬೊಗಾ ಎನ್ನುತ್ತಾರೆ, ತರಕಾರಿ ಅಮ್ಮ. ಸುಕುಮಾ ವಿಕಿ ಎಂಬ ಒರಟು ಎಲೆಯನ್ನು ಕತ್ತಿಯಲ್ಲಿ ಕೂದಲೆಳೆಯಂತೆ ಹೆಚ್ಚಿ ಕೊಡುತ್ತಿದ್ದರು. ಆ ಹೆಸರಿನ ಅರ್ಥ ವಾರ ತಳ್ಳು. ಸಂಬಳದ ಕೊನೆಯ ದಿನಗಳನ್ನು ದಾಟಿಸುವ ಸೊಪ್ಪು. ಅದರ ಬಸ್ಸಾರು ಪರವಾಗಿಲ್ಲ. ತೆರೆರೆ ನಮ್ಮ ದಂಟಿನ ಸೊಪ್ಪು, ಮನಾಗು ನಮ್ಮ ಗಣಿಕೆ ಸೊಪ್ಪು. ಮನಾಗು ಯಾವಾಗ ಬರುತ್ತದೆ ಎಂದು ಕೇಳಿದರೆ "ಸಾ ಕುಮಿ" ಎಂದರು. ಕುಮಿ ಎಂದರೆ ಹತ್ತು. ಎರಡು ದಿನ ಬೆಳಿಗ್ಗೆ ಹತ್ತಕ್ಕೆ ಕೆಲಸ ಬಿಟ್ಟು ಓಡಿ ಬಂದೆ, ಸೊಪ್ಪಿಲ್ಲ. ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಸೂರ್ಯ ಹುಟ್ಟಿದ ಮೇಲೆ ಶುರುವಾಗುತ್ತದೆ: ನಮ್ಮ ಏಳು ಅವರಿಗೆ ಒಂದು, ಅವರ ಹತ್ತು ನಮ್ಮ ಸಂಜೆ ನಾಲ್ಕು. ಆರು ಗಂಟೆ ಕೂಡಿಸಿಕೊಂಡರೆ ಸರಿಹೋಗುತ್ತದೆ. ಸಂಜೆ ನಾಲ್ಕಕ್ಕೆ ಹೋದರೆ ಕಂತೆ ಕಂತೆ ಮನಾಗು.

ಮೊಸರಿನ ಪ್ರಯೋಗ ಪೂರ್ತಿ ಕೈಗೂಡಲಿಲ್ಲ. ಅಂಗಡಿಗಳಲ್ಲಿ ಹಾಲಿನ ಎಟಿಎಂ ಇರುತ್ತದೆ, ಪಾತ್ರೆ ಒಡ್ಡಿದರೆ ಇಪ್ಪತ್ತು ಶಿಲ್ಲಿಂಗಿಗೂ ಹಾಲು ಬರುತ್ತದೆ. ಇಂಥದ್ದು ನಮ್ಮ ಊರಿನಲ್ಲೂ ಇರಬೇಕಿತ್ತು. ಹೆಪ್ಪಿಗೆ ಮಾಲಾ ಹಾಕಿದೆ. ಮಲಗಿದ ಹಾಲು ಎಂಬ ಅರ್ಥದ ಹೆಸರಿನ ಹುಳಿಹಾಲು ಅದು. ಮೂರು ಸಲವೂ ಮೊಸರು ಲೋಳೆಯಾಗಿ ಎಳೆ ಎಳೆ ಬಂತು. ಕೊನೆಗೆ ಮಾಲಾವನ್ನೇ ನೀರು, ಉಪ್ಪು, ಧನಿಯಾ ಸೊಪ್ಪು ಹಾಕಿ ಮಜ್ಜಿಗೆಯಾಗಿ ಕುಡಿದೆ. ಬಹಳ ಚೆನ್ನಾಗಿತ್ತು. ಇಡ್ಲಿ ತಟ್ಟೆಯನ್ನು ಕಮುಕುಂಜಿಯಲ್ಲಿ ಮಾಡಿಸಿದೆ. ಅಲ್ಲಿ ನೂರಾರು ಜುವಾ ಕಾಲಿ ಕೆಲಸಗಾರರು ತಗಡು ಬಡಿದು ಒಲೆ, ಪೆಟ್ಟಿಗೆ, ಪಾತ್ರೆ ಮಾಡುತ್ತಾರೆ. ಜುವಾ ಕಾಲಿ ಎಂದರೆ ಕಡುಬಿಸಿಲು, ಬಯಲಿನಲ್ಲೇ ಕೆಲಸ. ಆ ಬಡಿತದ ಸದ್ದು ಎದೆಯೊಳಗೆ ಕೇಳುತ್ತದೆ. ಕಾಗದದ ಮೇಲೆ ಗೀಚಿ ತೋರಿಸಿದೆ. ನಾಲ್ಕು ಕುಳಿಯ ತಟ್ಟೆ, 400 ಶಿಲ್ಲಿಂಗ್, ಒಂದು ಗಂಟೆ ಹತ್ತು ನಿಮಿಷ. ನಮ್ಮ ಕಾರ್ಖಾನೆಯಲ್ಲಿ ಅಷ್ಟು ಅಚ್ಚುಕಟ್ಟಾಗಿ ತಗಡು ಬಾಗಿಸುವವರು ಇಬ್ಬರಿರಬಹುದು. ಆದರೆ ಹಿಟ್ಟು ಆ ಚಳಿಯಲ್ಲಿ ಹುದುಗಲಿಲ್ಲ, ಬಾಯ್ಲರ್ ಮನೆಯಲ್ಲಿ ಅತಿಯಾಗಿ ಹುದುಗಿತು. ಇಡ್ಲಿಯ ಲೆಕ್ಕ ಬಾಕಿ ಇದೆ.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ: ಮೊದಲ ಒಂಬತ್ತು ದಿನಕ್ಕೆ ಎಪ್ಪತ್ತು ಸಾವಿರ ಶಿಲ್ಲಿಂಗ್ ಹೋಯಿತು. ಆಮೇಲಿನ ಎರಡು ತಿಂಗಳಿಗೆ ಬಾಡಿಗೆ 84,000, ಅಡುಗೆ ಸಾಮಾನು ವಾರಕ್ಕೆ ಎರಡೂವರೆ ಮೂರು ಸಾವಿರ, ಮಟಾಟು ಎಂಟು ಸಾವಿರ, ಕುಕ್ಕರ್, ಪಾತ್ರೆ, 6 ಕಿಲೋ ಗ್ಯಾಸಿನ ಮೆಕೊ ಎಂಬ ಒಲೆ ಸೇರಿ ಒಂಬತ್ತು ಸಾವಿರ, ಹಾಳಾದ ರಾಗಿಗೆ ಎರಡು ಸಾವಿರದಷ್ಟು. ಊರಿಗೆ ತಂದದ್ದು ಒಂದೂವರೆ ಲಕ್ಷ ರೂಪಾಯಿಯ ಆಚೀಚೆ. ನನಗಿಂತ ಮೊದಲು ಹೋದವರು ಇದರ ಮೂರನೆಯ ಒಂದು ಭಾಗವನ್ನೂ ಉಳಿಸಿರಲಿಲ್ಲ.

ಅಕ್ಟೋಬರ್ ಹೊತ್ತಿಗೆ ಬೀದಿಗಳಲ್ಲಿ ಜಕರಂದಾ ಹೂಬಿಟ್ಟು ಫುಟ್‌ಪಾತೆಲ್ಲ ನೇರಳೆಯಾಯಿತು. ಬರ್ನರಿನ ಭಾಗ ಬಂತು, ಬಾಯ್ಲರ್ ಹೊತ್ತಿತು. ಹೊರಡುವ ಹಿಂದಿನ ಭಾನುವಾರ ಮ್ಜೇಯನ್ನು ಊಟಕ್ಕೆ ಕರೆದೆ. ಕೋಟು ಹಾಕಿಕೊಂಡು ಬಂದಿದ್ದರು. ಕೈ ತೊಳೆದು, ಮುದ್ದೆ ಮುರಿದು, ನ್ಜಾಹಿ ಸಾರಿನಲ್ಲಿ ಅದ್ದಿ ಅಗಿದರು. ನುಂಗಬೇಕು ಎಂದು ತೋರಿಸಿದೆ. ಬೇಡ, ನಾನು ಹೀಗೇ ಉಣ್ಣುತ್ತೇನೆ ಎಂದರು. ಎರಡನೆಯ ಮುದ್ದೆಯನ್ನೂ ಮುಗಿಸಿ, ನುಣುಪು ಹೆಚ್ಚಾಯಿತು, ಅಜ್ಜಿಯದು ಇನ್ನೂ ತರಿ ಇರುತ್ತಿತ್ತು ಎಂದರು. ಉಳಿದ ಮೂರು ಕಿಲೋ ಹಿಟ್ಟನ್ನು ಅವರ ಚೀಲಕ್ಕೇ ಹಾಕಿದೆ. ಕುಕ್ಕರನ್ನೂ ಇಡ್ಲಿ ತಟ್ಟೆಯನ್ನೂ ಬಾಯ್ಲರ್ ಮನೆಯ ಅಲಮಾರಿನಲ್ಲಿ ಇಟ್ಟು ಬಂದಿದ್ದೇನೆ, ಮ್ಜೇ ಬಳಿ ಕೀಲಿ ಇದೆ. ಮುಂದೆ ಆ ಕಾರ್ಖಾನೆಗೆ ಹೋಗುವವರು ಹೊರಡುವ ವಾರ ನನಗೆ ಒಂದು ಫೋನ್ ಮಾಡಿ, ಗಿರಣಿಯ ದಾರಿ ಹೇಳುತ್ತೇನೆ.